ಕಾರವಾರ, ಶಿರಸಿ ಕಡೆ ಮನೆ ಬಾಡಿಗೆಗೆ ಕೊಡಬೇಕೇ? ಜಾಹೀರಾತು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು

ನಿಮ್ಮ ಮನೆಗೆ ಮುಂದೆ ಬರುವ ಬಾಡಿಗೆದಾರರು ಈಗ ಕಾರವಾರದಲ್ಲಿ ಇಲ್ಲದೇ ಇರಬಹುದು. ಅರಗಾದ ನೌಕಾನೆಲೆಗೆ ವರ್ಗವಾಗಿ ವಿಶಾಖಪಟ್ಟಣದಿಂದ ಹೊರಡುವ ತಯಾರಿಯಲ್ಲಿರಬಹುದು. ತಾರಾಪುರದಿಂದ ಕೈಗಾಕ್ಕೆ ಬರುವ ಇಂಜಿನಿಯರ್ ಆಗಿರಬಹುದು. ಕಲಬುರಗಿಯಿಂದ ಇಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರುವ ನರ್ಸ್ ಆಗಿರಬಹುದು. ನಿಮ್ಮ ಗೇಟಿಗೆ ಕಟ್ಟಿದ ಬೋರ್ಡ್ ಇವರ ಕಣ್ಣಿಗೆ ಬೀಳುವುದಿಲ್ಲ. ಊರಿಗೆ ಬರುವ ಮೊದಲೇ ಇವರು ಫೋನಿನಲ್ಲಿ ಮನೆ ಹುಡುಕಿರುತ್ತಾರೆ.

ಶಿರಸಿ, ಹೊನ್ನಾವರ, ಅಂಕೋಲಾ ಕಡೆ ಕಥೆ ಬೇರೆ. ಅಲ್ಲಿ ಮನೆ ಕೇಳುವವರಲ್ಲಿ ತುಂಬಾ ಜನ ಇದೇ ಉತ್ತರ ಕನ್ನಡ ಜಿಲ್ಲೆಯವರು. ಮಕ್ಕಳ ಶಾಲೆಗೆಂದು ಹಳ್ಳಿಯಿಂದ ಪೇಟೆಗೆ ಬರುವವರು, ಬ್ಯಾಂಕಿನವರು, ಮೇಷ್ಟ್ರು. ಅವರು ದೊಡ್ಡ ವೆಬ್‌ಸೈಟ್ ತೆರೆಯುವುದು ಕಡಿಮೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಯಲ್ಲಾಪುರ ನಾಕೆ ಹತ್ತಿರ ಮನೆ ಇದ್ದರೆ ಹೇಳಿ" ಎಂದು ಒಂದು ಸಾಲು ಹಾಕುತ್ತಾರೆ, ಅಷ್ಟೇ.

ಆದ್ದರಿಂದ ಯಾವ ಆ್ಯಪ್ ಎಂದು ಯೋಚಿಸುವ ಮೊದಲು ಯಾರಿಗೆ ಕೊಡುತ್ತೀರಿ ಎಂದು ಗಟ್ಟಿ ಮಾಡಿಕೊಳ್ಳಿ. ಬೆಂಗಳೂರಿನವರಿಗೆ ಬರೆದ ಸಲಹೆಯನ್ನು ನಮ್ಮ ಕಡೆ ಹಾಗೇ ಪಾಲಿಸಿದರೆ ದುಡ್ಡು ಹೋಗುತ್ತದೆ, ಮನೆ ಖಾಲಿ ಉಳಿಯುತ್ತದೆ.

ಮೊದಲ ಹೆಜ್ಜೆ: ಮನೆ ಯಾರಿಗೆ ಸರಿಹೋಗುತ್ತದೆ?

ಕಾರವಾರದ ಸುತ್ತ ಹೊರಗಿನಿಂದ ಬರುವ ಜನಕ್ಕೆ ಮುಖ್ಯ ಕಾರಣಗಳು ಇವು. 2005ರಲ್ಲಿ ಶುರುವಾದ ಐಎನ್ಎಸ್ ಕದಂಬ ನೌಕಾನೆಲೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿರುವ ಕೈಗಾ ಅಣುಸ್ಥಾವರ. ಅಲ್ಲೇ 700 ಮೆಗಾವ್ಯಾಟ್‌ನ ಐದು ಮತ್ತು ಆರನೇ ಘಟಕಗಳ ಕೆಲಸಕ್ಕೆ ಬಂದ ಗುತ್ತಿಗೆ ಕಂಪನಿಗಳ ಜನ. 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು, ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಜಿಲ್ಲಾ ಕಚೇರಿಗಳು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನೌಕಾನೆಲೆಗೂ ಕೈಗಾಕ್ಕೂ ತಮ್ಮದೇ ಕ್ವಾರ್ಟರ್ಸ್ ಇವೆ. ಹೊರಗೆ ಮನೆ ಹುಡುಕುವವರು ಕ್ವಾರ್ಟರ್ಸ್ ಸಿಗುವವರೆಗೆ ಕಾಯುವವರು ಅಥವಾ ಗುತ್ತಿಗೆಯಲ್ಲಿ ಬಂದವರು. ಅವರು ಎಷ್ಟು ತಿಂಗಳು ಇರುತ್ತಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಮಂಚ, ಕಪಾಟು, ಗೀಸರ್, ಫ್ಯಾನ್ ಇರುವ ಮನೆ ಅವರಿಗೆ ಬೇಗ ಹಿಡಿಸುತ್ತದೆ. ವರ್ಷಗಟ್ಟಲೆ ಒಂದೇ ಕುಟುಂಬ ಇರಬೇಕು ಅನ್ನುವ ಮಾಲೀಕರಿಗೆ ಶಾಲೆಗೆ ಹೋಗುವ ಮಕ್ಕಳಿರುವ ನೌಕರರ ಮನೆಯವರು ಒಳ್ಳೆಯದು. ಒಮ್ಮೆ ಮಗುವನ್ನು ಶಾಲೆಗೆ ಸೇರಿಸಿದರೆ ಅವರು ಸುಲಭಕ್ಕೆ ಮನೆ ಬದಲಿಸುವುದಿಲ್ಲ.

ಸಮಯವೂ ಮುಖ್ಯ. ಸರ್ಕಾರಿ ವರ್ಗಾವಣೆ, ಶಾಲೆ ಶುರುವಾಗುವುದು, ಎರಡೂ ಮೇ–ಜೂನ್ ಹೊತ್ತಿಗೆ ಬರುತ್ತವೆ. ಏಪ್ರಿಲ್‌ನಲ್ಲೇ ಜಾಹೀರಾತು ಹಾಕಿ. ಜೋರು ಮಳೆ ಹಿಡಿದ ಮೇಲೆ ಮನೆ ನೋಡಲು ಬರುವವರು ಕಡಿಮೆ. ಸಾಮಾನು ಸಾಗಿಸುವುದಂತೂ ಯಾರಿಗೂ ಬೇಡ.

ಎರಡನೇ ಹೆಜ್ಜೆ: ನೀವೇ ಬಾಡಿಗೆದಾರರಾಗಿ ಹುಡುಕಿ ನೋಡಿ

ಯಾವುದೇ ಜಾಲತಾಣಕ್ಕೆ ಜಾಹೀರಾತು ಕೊಡುವ ಮೊದಲು ಅದರಲ್ಲಿ ನಿಮ್ಮ ಊರಿನ ಹೆಸರು ಹಾಕಿ ಬಾಡಿಗೆ ಮನೆ ಹುಡುಕಿ. ಮೂರು ಸಂಗತಿ ನೋಡಿ. ಬಾಡಿಗೆಯ ಜಾಹೀರಾತು ಎಷ್ಟಿವೆ? ಅವು ಯಾವಾಗ ಹಾಕಿದವು? ಹಾಕಿದವರು ಮಾಲೀಕರೋ ಬ್ರೋಕರೋ? ನಿಮ್ಮ ಊರಿನ ಪುಟದಲ್ಲಿ ಬರೀ ಮಾರಾಟದ ಸೈಟು, ಹಳೆಯ ಜಾಹೀರಾತು ಮಾತ್ರ ಇದ್ದರೆ ಬಾಡಿಗೆದಾರರೂ ಅಲ್ಲಿಗೆ ಹೋಗುತ್ತಿಲ್ಲ ಎಂದರ್ಥ. ಇದೇ ಹೊತ್ತಿಗೆ ನಿಮ್ಮ ಓಣಿಯ ಸುತ್ತಮುತ್ತ ಎಷ್ಟು ಬಾಡಿಗೆ ಕೇಳುತ್ತಿದ್ದಾರೆ ಎಂದೂ ತಿಳಿಯುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಬಾಡಿಗೆ ನಿಗದಿ ಮಾಡುವಾಗ ಬೇಕಾಗುತ್ತದೆ.

ಕಾರವಾರದವರು ಇನ್ನೊಂದು ಕೆಲಸ ಮಾಡಿ. ಜಾಗ ಆರಿಸುವ ಕಡೆ ಕಾರವಾರ ಎಂದೇ ಬರುತ್ತಿದೆಯೇ ನೋಡಿ. ಸದಾಶಿವಗಡ, ಮಾಜಾಳಿ ಗೋವಾ ಗಡಿಗೆ ಹತ್ತಿರ. ಫೋನಿನ ಲೊಕೇಶನ್ ನಂಬಿ ಹಾಕಿದರೆ ಒಮ್ಮೊಮ್ಮೆ ಬೇರೆ ಊರಿನ ಹೆಸರು ಕೂತುಬಿಡುತ್ತದೆ. ಊರಿನ ಹೆಸರನ್ನು ಕೈಯಿಂದ ಟೈಪ್ ಮಾಡಿ ಆರಿಸುವುದೇ ವಾಸಿ.

ಮೂರನೇ ಹೆಜ್ಜೆ: ಜಾಗ ಆರಿಸುವುದು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮೂರು ಕಡೆ ಹಾಕಿದರೆ ಸಾಕು: ವಾಟ್ಸ್‌ಆ್ಯಪ್, ಫೇಸ್‌ಬುಕ್, ಜೊತೆಗೆ ಓಎಲ್‌ಎಕ್ಸ್ ಅಥವಾ ದೊಡ್ಡ ಆಸ್ತಿ ತಾಣಗಳಲ್ಲಿ ಒಂದು. ಹತ್ತು ಕಡೆ ಹಾಕಿದರೆ ಫೋನ್ ಜಾಸ್ತಿ ಬರುತ್ತದೆ, ಆದರೆ ಅದರಲ್ಲಿ ಬ್ರೋಕರುಗಳು ಮತ್ತು ಪ್ಯಾಕೇಜ್ ಮಾರುವವರೇ ಹೆಚ್ಚು.

ವಾಟ್ಸ್‌ಆ್ಯಪ್‌ನಿಂದ ಶುರು ಮಾಡಿ. ಓಣಿಯ ಗ್ರೂಪ್, ಶಾಲೆಯ ಪಾಲಕರ ಗ್ರೂಪ್, ಊರಿನ ಸುದ್ದಿ ಗ್ರೂಪ್, ನೌಕರರ ಗ್ರೂಪ್‌ನಲ್ಲಿರುವ ಪರಿಚಯದವರು, ಹೀಗೆ. ಸುಮ್ನೆ ಫೋಟೊ ಹಾಕಿ "ಬಾಡಿಗೆಗಿದೆ" ಎಂದರೆ ಕೆಲಸ ಆಗುವುದಿಲ್ಲ. ಸಂದೇಶ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಫೋಟೊ ಒಂದು ಕಡೆ, ಬರಹ ಒಂದು ಕಡೆ ಆಗಿಬಿಡುತ್ತದೆ. ಆದ್ದರಿಂದ ಬರಹದಲ್ಲೇ ಊರು, ಓಣಿ, ಬಾಡಿಗೆ, ನಂಬರ್ ಎಲ್ಲ ಇರಲಿ. ಮೇಲ್ಗಡೆ ತಾರೀಕು ಹಾಕಿ. ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ತಾರೀಕಿಲ್ಲದ ಸಂದೇಶ ಮನೆ ತುಂಬಿದ ಎಷ್ಟೋ ತಿಂಗಳ ಮೇಲೂ ಓಡಾಡುತ್ತಿರುತ್ತದೆ, ನಿಮಗೆ ಕರೆ ಬರುತ್ತಲೇ ಇರುತ್ತದೆ.

ವಾಟ್ಸ್‌ಆ್ಯಪ್‌ನ ದೊಡ್ಡ ಲಾಭ ಏನೆಂದರೆ ಬರುವವರ ಬಗ್ಗೆ ಹೇಳಬಲ್ಲವರು ಒಬ್ಬರು ನಡುವೆ ಇರುತ್ತಾರೆ. "ಇವರು ನಮ್ಮ ಆಫೀಸಿನವರು" ಎಂದು ಹೇಳುವ ಒಬ್ಬ ಮನುಷ್ಯ ಯಾವ ಆ್ಯಪ್ ಕೊಡುವ ಹಸಿರು ಗುರುತಿಗಿಂತಲೂ ಮೇಲು. ಮಿತಿಯೂ ಇದೆ: ನಿಮ್ಮ ಬಳಗದ ಆಚೆ ಅದು ಹೋಗುವುದಿಲ್ಲ.

ಆ ಆಚೆಯವರನ್ನು ತಲುಪಲು ಫೇಸ್‌ಬುಕ್. ಇದರಲ್ಲಿ ಎರಡು ದಾರಿ. ಮಾರ್ಕೆಟ್‌ಪ್ಲೇಸ್‌ನಲ್ಲಿ ಬಾಡಿಗೆ ಮನೆಗೆ ಬೇರೆಯೇ ವಿಭಾಗ ಇದೆ, ನೋಡುವವರು ತಾವಿರುವ ಜಾಗದಿಂದ ಇಂತಿಷ್ಟು ಕಿಲೋಮೀಟರ್ ಎಂದು ಆರಿಸಿ ಹುಡುಕಬಹುದು. ಇನ್ನೊಂದು, ಊರಿನ ಗ್ರೂಪುಗಳು. ಗ್ರೂಪಿಗೆ ಸೇರಿದ ಕೂಡಲೇ ಜಾಹೀರಾತು ಹಾಕಬೇಡಿ. ನಿಯಮ ಓದಿ. ಕೆಲವು ಗ್ರೂಪುಗಳಲ್ಲಿ ಬಾಡಿಗೆ ವಿಷಯ ಹಾಕಿದರೆ ಹೊರಹಾಕುತ್ತಾರೆ. ಹೊರಗಿನ ಜನ ಇರುವ ಗ್ರೂಪಿನಲ್ಲಿ ಕನ್ನಡದ ಕೆಳಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಎರಡು ಸಾಲು ಸೇರಿಸಿ. ನೌಕಾನೆಲೆಗೆ ಬರುವವರಲ್ಲಿ ಕನ್ನಡ ಓದಲು ಬಾರದವರು ಎಷ್ಟೋ ಜನ. "ಬೂಸ್ಟ್ ಮಾಡಿ" ಎಂದು ಫೇಸ್‌ಬುಕ್ ದುಡ್ಡು ಕೇಳುತ್ತದೆ. ಒಂದು ಮನೆಗೆ ಅದು ಬೇಡವೇ ಬೇಡ.

ಓಎಲ್‌ಎಕ್ಸ್ ಚಿಕ್ಕ ಊರುಗಳವರಿಗೂ ಗೊತ್ತಿರುವ ಹೆಸರು. ನಂಬರ್ ತೋರಿಸದೆ ಅದರೊಳಗಿನ ಚಾಟ್‌ನಲ್ಲೇ ಮಾತಾಡಬಹುದು, ಶುರುವಿನಲ್ಲಿ ಹಾಗೇ ಮಾಡಿ. ಆದರೆ ಮೋಸದ ಕರೆ ಬರುವ ಜಾಗವೂ ಇದೇ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ನೈಂಟಿನೈನ್ ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಡಾಟ್ ಕಾಮ್. ಈ ಮೂರರಲ್ಲಿ ಎರಡನೇ ಹೆಜ್ಜೆಯ ಪರೀಕ್ಷೆಯಲ್ಲಿ ಯಾವುದು ಜೀವಂತವಾಗಿ ಕಂಡಿತೋ ಅದರಲ್ಲಿ ಉಚಿತ ಜಾಹೀರಾತು ಒಂದು ಹಾಕಿ. ಕಾರವಾರದ ಅಪಾರ್ಟ್‌ಮೆಂಟ್ ಫ್ಲಾಟಿಗೆ ಇದು ಉಪಯೋಗಕ್ಕೆ ಬರಬಹುದು, ಹೊರರಾಜ್ಯದವರು ಮೊದಲು ನೋಡುವುದು ಇಂಥ ತಾಣಗಳನ್ನೇ. ಹಂಚಿನ ಮನೆಗೆ, ತಾಲ್ಲೂಕು ಪೇಟೆಯ ಮನೆಗೆ ಅಷ್ಟೇನೂ ಉಪಯೋಗವಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಯಾಕೇಜಿಗೆ ಫೋನ್ ಮೇಲೆ ಫೋನ್ ಮಾಡುತ್ತಾರೆ. ಉಚಿತ ಜಾಹೀರಾತಿಗೆ ಒಂದಾದರೂ ನಿಜವಾದ ಕರೆ ಬರುವವರೆಗೆ ರೂಪಾಯಿ ಕೊಡಬೇಡಿ.

ನೋಬ್ರೋಕರ್ ಎಂಬ ತಾಣ ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಂಥ ದೊಡ್ಡ ಊರುಗಳಿಗೆ ಮಾಡಿದ್ದು. ಬೆಂಗಳೂರಿನಲ್ಲಿರುವ ಮಕ್ಕಳು "ಅಮ್ಮಾ, ಅದರಲ್ಲೇ ಹಾಕು" ಎಂದರೂ ನಮ್ಮ ಕಡೆಗೆ ಅದು ಬೇಡ.

ಗೂಗಲ್ ಮ್ಯಾಪ್‌ನಲ್ಲಿ ಮನೆಯನ್ನು ಅಂಗಡಿಯ ಹಾಗೆ ನೋಂದಾಯಿಸಲು ಕೆಲವರು ಹೇಳುತ್ತಾರೆ. ಬಾಡಿಗೆಗಿರುವ ಖಾಲಿ ಮನೆಗೆ ಅಂಥ ಪ್ರೊಫೈಲ್ ಮಾಡುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಮನೆ ನೋಡಲು ಬರುವವರಿಗೆ ಲೊಕೇಶನ್ ಕಳಿಸಿದರೆ ಸಾಕಲ್ವಾ?

ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆಯವರು ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್ ಬಗ್ಗೆ ಕೇಳುತ್ತಾರೆ. ಅದು ಬಾಡಿಗೆ ಮನೆಯ ಕೆಲಸ ಅಲ್ಲ, ಅತಿಥಿಗಳನ್ನು ನೋಡಿಕೊಳ್ಳುವ ದಂಧೆ. ಹಾಸಿಗೆ ಬಟ್ಟೆ ಒಗೆಯಬೇಕು, ಸ್ವಚ್ಛ ಮಾಡಬೇಕು, ತಾಣಕ್ಕೆ ಕಮಿಷನ್ ಕೊಡಬೇಕು. ಹೋಮ್‌ಸ್ಟೇ ನಡೆಸುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಇದು ಗೋಕರ್ಣದ ಪ್ರತಿ ಮನೆಯವರಿಗೂ ಗೊತ್ತಿರಬೇಕಾದ ವಿಷಯ. ತಿಂಗಳ ಬಾಡಿಗೆಗೆ ಕೊಟ್ಟರೂ ಇದು ತಪ್ಪುವುದಿಲ್ಲ.

ನಾಲ್ಕನೇ ಹೆಜ್ಜೆ: ನಮ್ಮ ಕಡೆ ಜನ ಕೇಳುವುದನ್ನು ಮೊದಲೇ ಬರೆಯಿರಿ

ಎರಡು ಕೋಣೆ, ಅಡುಗೆ ಮನೆ, ಪಾರ್ಕಿಂಗ್ ಎಂದು ಎಲ್ಲರೂ ಬರೆಯುತ್ತಾರೆ. ಕರಾವಳಿಯಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರಿನ ಬಗ್ಗೆ. ಬಾವಿ ಇದೆಯೇ? ಏಪ್ರಿಲ್–ಮೇನಲ್ಲಿ ನೀರು ಉಪ್ಪಾಗುತ್ತದೆಯೇ? ಕೋಡಿಬಾಗ ಕಡೆಯಂತೆ ನದಿಗೋ ಸಮುದ್ರಕ್ಕೋ ಹತ್ತಿರದ ಮನೆಗಳವರು ಇದನ್ನು ಮುಚ್ಚಿಡಬೇಡಿ. "ಬಳಕೆಗೆ ಬಾವಿ ನೀರು, ಕುಡಿಯಲು ನಲ್ಲಿ ನೀರು" ಎಂದು ನಿಜ ಬರೆದರೆ ನೋಡಿ ವಾಪಸ್ ಹೋಗುವವರ ಸಂಖ್ಯೆ ಕಡಿಮೆಯಾಗುತ್ತದೆ.

ಎರಡನೆಯದು ಮಳೆ. ಸೋರುತ್ತದೆಯೇ, ಗೋಡೆ ತೇವ ಹಿಡಿಯುತ್ತದೆಯೇ, ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ ಇದೆಯೇ, ಗೇಟಿನವರೆಗೆ ಕಾರು ಬರುತ್ತದೆಯೇ, ಮಳೆಗಾಲದಲ್ಲೂ ಬರುತ್ತದೆಯೇ. ಉತ್ತರ ಭಾರತದಿಂದ ಬಂದವರಿಗೆ ಜುಲೈ ತಿಂಗಳ ಕಾರವಾರ ಹೇಗಿರುತ್ತದೆ ಎಂಬ ಅಂದಾಜೇ ಇರುವುದಿಲ್ಲ. ತಾರಸಿಯ ಮೇಲೆ ಶೀಟ್ ಹಾಕಿಸಿದ್ದರೆ ಅದನ್ನು ಬರೆಯಿರಿ, ಫೋಟೊ ಸಮೇತ ಹಾಕಿ.

ಮೂರನೆಯದು ನೆಟ್‌ವರ್ಕ್. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆ ಬಿಟ್ಟು ಸ್ವಲ್ಪ ಒಳಗಿನ ಮನೆಗಳಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಯಾವ ಕಂಪನಿಯ ಸಿಮ್ ಮನೆಯೊಳಗೆ ಹಿಡಿಯುತ್ತದೆ, ಬಿಎಸ್ಎನ್ಎಲ್ ಫೈಬರ್ ಬಂದಿದೆಯೇ, ಕರೆಂಟ್ ಹೋದರೆ ಇನ್ವರ್ಟರ್ ಇದೆಯೇ, ಇವಿಷ್ಟು ಬರೆದರೆ ಮನೆಯಿಂದಲೇ ಕೆಲಸ ಮಾಡುವ ಯುವಕ ಯುವತಿಯರು ದೂರದ ಮನೆಯನ್ನೂ ಕೇಳುತ್ತಾರೆ. ಎಷ್ಟೋ ಒಳ್ಳೆಯ ಮನೆಗಳು ಈ ಒಂದು ಸಾಲು ಇಲ್ಲದೆ ಖಾಲಿ ಉಳಿದಿವೆ.

ಆಮೇಲೆ ವಿದ್ಯುತ್. ಪ್ರತ್ಯೇಕ ಹೆಸ್ಕಾಂ ಮೀಟರ್ ಇದ್ದರೆ ಖಂಡಿತ ಹೇಳಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಮೀಟರಿನ ಆರ್‌ಆರ್ ನಂಬರಿಗೆ ಅವರ ಆಧಾರ್ ಜೋಡಿಸಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅದಕ್ಕೇ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಿ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅದಕ್ಕೆ ಅವಕಾಶ ಇದೆ.

ಸಂಬಳದಾರರಿಗೆ ಕೊಡುವ ಯೋಚನೆ ಇದ್ದರೆ "ಬಾಡಿಗೆ ರಸೀದಿ, ಕರಾರು ಪತ್ರ ಕೊಡುತ್ತೇವೆ" ಎಂದು ಸೇರಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ಮೇಲೆ ತೆರಿಗೆ ವಿನಾಯಿತಿ ಕೇಳುತ್ತಾರೆ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದರೆ ಮಾಲೀಕರ ಪ್ಯಾನ್ ನಂಬರನ್ನೂ ಕೊಡಬೇಕಾಗುತ್ತದೆ. ಇದಕ್ಕೆ ನೀವು ತಯಾರಿದ್ದೀರಿ ಎಂದರೆ ಅವರು ನಿಮ್ಮ ಮನೆಗೇ ಮೊದಲು ಬರುತ್ತಾರೆ.

ಒಂದು ಮಾದರಿ ಕೊಡುತ್ತೇನೆ. ಬಾಡಿಗೆಯ ಮೊತ್ತ ಬರೀ ಉದಾಹರಣೆಗೆ.

"12 ಏಪ್ರಿಲ್. ಕಾರವಾರ ಕಾಜೂಬಾಗದಲ್ಲಿ ಮೊದಲ ಮಹಡಿಯ ಮನೆ ಬಾಡಿಗೆಗಿದೆ. ಎರಡು ಕೋಣೆ, ಹಾಲ್, ಅಡುಗೆ ಮನೆ. ನಲ್ಲಿ ನೀರು, ಬಾವಿ ನೀರು ಎರಡೂ ಇದೆ. ಪ್ರತ್ಯೇಕ ಮೀಟರ್. ತಾರಸಿಗೆ ಶೀಟ್ ಹಾಕಿದೆ, ಬಟ್ಟೆ ಒಣಗಿಸಲು ಜಾಗ ಇದೆ. ಒಂದು ಕಾರು ನಿಲ್ಲಿಸಬಹುದು. ಬಾಡಿಗೆ ತಿಂಗಳಿಗೆ 9,000, ಅಡ್ವಾನ್ಸ್ ಮೂರು ತಿಂಗಳದ್ದು. 11 ತಿಂಗಳ ಕರಾರು, ರಸೀದಿ ಕೊಡುತ್ತೇವೆ. ಮೇ 1ರಿಂದ ಖಾಲಿ. ಮನೆ ನೋಡುವ ಮೊದಲು ಯಾರಿಗೂ ಹಣ ಕೊಡಬೇಡಿ. ಸಂಜೆ 5ರ ನಂತರ ಫೋನ್ ಮಾಡಿ."

ಆ "ಹಣ ಕೊಡಬೇಡಿ" ಸಾಲು ಬೇಕೇ ಬೇಕು. ನಿಮ್ಮ ಫೋಟೊ ಕದ್ದು, ಕಡಿಮೆ ಬಾಡಿಗೆ ತೋರಿಸಿ, ಬೇರೆಯವರಿಂದ ಟೋಕನ್ ದುಡ್ಡು ಹೊಡೆಯುವವರಿದ್ದಾರೆ. ಫೋಟೊದ ಮೂಲೆಯಲ್ಲಿ ನಿಮ್ಮ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು ಹಾಕಿದರೆ ಕದಿಯುವುದು ಕಷ್ಟ.

ಫೋಟೊಗಳನ್ನು ಬಿಸಿಲಿರುವ ಬೆಳಿಗ್ಗೆ, ಕಿಟಕಿ ಬಾಗಿಲು ತೆರೆದು, ಫೋನ್ ಅಡ್ಡ ಹಿಡಿದು ತೆಗೆಯಿರಿ. ಬಚ್ಚಲು, ಶೌಚಾಲಯ, ಬಾವಿ, ಗೇಟಿನಿಂದ ಕಾಣುವ ದಾರಿ ಎಲ್ಲದರದ್ದೂ ಇರಲಿ. ಮನೆ ನಂಬರ್ ಕಾಣುವ ಹಾಗೆ ಬೇಡ.

ಊಟದ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳಿಗೆ ಮಾತ್ರ ಎಂಬ ನಿಯಮ ಇದ್ದರೆ ಮೊದಲೇ ಸೌಮ್ಯವಾಗಿ ಬರೆಯಿರಿ, ಮೀನು ತಿನ್ನುವವರು ಸುಮ್ನೆ ಬಂದು ಹೋಗುವುದು ತಪ್ಪುತ್ತದೆ. ಜಾತಿ, ಧರ್ಮ ಮಾತ್ರ ಬರೆಯಬೇಡಿ. ಅದು ಓದಿದವರ ಮನಸ್ಸು ನೋಯಿಸುತ್ತದೆ. ಬಾಡಿಗೆ ಸರಿಯಾಗಿ ಕೊಟ್ಟು ಮನೆ ಚೆನ್ನಾಗಿ ಇಟ್ಟುಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಐದನೇ ಹೆಜ್ಜೆ: ಕರೆಗಳು, ಅದರಲ್ಲಿ ಮೋಸದವು

ಕರೆ ಮಾಡಿದ ಪ್ರತಿಯೊಬ್ಬರನ್ನೂ "ಎಲ್ಲಿ ನೋಡಿದಿರಿ?" ಎಂದು ಕೇಳಿ, ಪುಸ್ತಕದಲ್ಲಿ ಬರೆದಿಡಿ. ಎರಡು ವಾರದ ನಂತರ ಯಾವ ತಾಣದಿಂದ ನಿಜವಾದ ಕರೆ ಬಂದಿಲ್ಲವೋ ಅಲ್ಲಿಂದ ಜಾಹೀರಾತು ತೆಗೆದುಬಿಡಿ. ಎಷ್ಟು ಜನ, ಏನು ಕೆಲಸ, ಯಾವಾಗಿನಿಂದ, ಎಷ್ಟು ದಿನಕ್ಕೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ದೂರದಲ್ಲಿರುವವರಿಗೆ ವಿಡಿಯೊ ಕರೆಯಲ್ಲಿ ಮನೆ ತೋರಿಸಿ. ಗೇಟಿನಿಂದ ಶುರು ಮಾಡಿ ಹಿತ್ತಿಲಿನವರೆಗೆ ನಡೆಯಿರಿ.

ನೀವು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದು ಊರಿನ ಮನೆ ಕೊಡುವುದಾದರೆ, ಬೀಗ ತೆಗೆದು ತೋರಿಸುವವರ ನಂಬರನ್ನೇ ಜಾಹೀರಾತಿಗೆ ಹಾಕಿ. "ಮಾಲೀಕರನ್ನು ಕೇಳಿ ಹೇಳುತ್ತೇನೆ" ಅನ್ನುವಷ್ಟರಲ್ಲಿ ಅವರು ಬೇರೆ ಮನೆ ನೋಡಿರುತ್ತಾರೆ.

ಈಗ ಮೋಸದ ವಿಷಯ. ದೇಶದಾದ್ಯಂತ ನಡೆಯುವ ಒಂದು ವಂಚನೆ ಕಾರವಾರದಲ್ಲಿ ವಿಶೇಷವಾಗಿ ಅಪಾಯಕಾರಿ. ಕರೆ ಮಾಡಿದವರು ತಾವು ಸೇನೆಯವರೆಂದೋ ನೌಕಾಪಡೆಯವರೆಂದೋ ಹೇಳುತ್ತಾರೆ. ಐಡಿ ಕಾರ್ಡ್, ಆಧಾರ್, ಸಮವಸ್ತ್ರದ ಫೋಟೊ ತಾವಾಗಿಯೇ ಕಳಿಸುತ್ತಾರೆ. ಮನೆ ನೋಡುವುದೂ ಇಲ್ಲ, ಬಾಡಿಗೆಗೆ ಚೌಕಾಶಿಯೂ ಇಲ್ಲ. ಈಗಲೇ ಅಡ್ವಾನ್ಸ್ ಹಾಕುತ್ತೇನೆ ಎನ್ನುತ್ತಾರೆ. ಆಮೇಲೆ "ನಮ್ಮ ಇಲಾಖೆಯ ಖಾತೆಯ ಪದ್ಧತಿ ಬೇರೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ನಿಮಗೆ ಬರುತ್ತದೆ" ಎಂದು ಅವಸರ ಮಾಡುತ್ತಾರೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ.

ಬೇರೆ ಊರಿನಲ್ಲಿ ಇಂಥ ಕರೆ ಬಂದರೆ ಅನುಮಾನ ಬರಬಹುದು. ನಮ್ಮಲ್ಲಿ ನೌಕಾನೆಲೆ ಪಕ್ಕದಲ್ಲೇ ಇದೆ, ನಿಜವಾದ ನೌಕರರೂ ಕರೆ ಮಾಡುತ್ತಾರೆ, ಅವರ ಮೇಲೆ ನಮಗೆ ಗೌರವವೂ ಇದೆ. ಆ ಗೌರವವನ್ನೇ ಈ ಕಳ್ಳರು ಬಳಸಿಕೊಳ್ಳುತ್ತಾರೆ. ಒಂದು ನಿಯಮ ನೆನಪಿಡಿ: ಹಣ ಪಡೆಯಲು ಯುಪಿಐ ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಮನೆಯಲ್ಲಿ ವಯಸ್ಸಾದವರೇ ಫೋನ್ ತೆಗೆಯುವುದಾದರೆ ಇದನ್ನು ಅವರಿಗೆ ಕೂರಿಸಿ ಹೇಳಿ.

ನಿಜವಾದ ನೌಕರರನ್ನು ಗುರುತಿಸುವುದು ಕಷ್ಟವಲ್ಲ. "ನಿಮ್ಮ ಸಹೋದ್ಯೋಗಿ ಯಾರಾದರೂ ಬಂದು ಮನೆ ನೋಡಲಿ" ಎನ್ನಿ. ನಿಜವಾದವರು ಒಪ್ಪುತ್ತಾರೆ, ಅವರಿಗೂ ಮನೆ ನೋಡಬೇಕಿರುತ್ತದೆ. ಕಳ್ಳರು ನೆಪ ಹೇಳುತ್ತಾರೆ. ದುಡ್ಡು ಹೋಗಿಬಿಟ್ಟರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಪೊಲೀಸ್ ಠಾಣೆಗೂ ತಿಳಿಸಿ.

ಆರನೇ ಹೆಜ್ಜೆ: ಕೀಲಿ ಕೊಡುವ ಮೊದಲು

ಕರಾರು ಪತ್ರವನ್ನು ಇ-ಸ್ಟ್ಯಾಂಪ್ ಹಾಕಿಸಿ ಮಾಡಿಸಿ. 11 ತಿಂಗಳ ಕರಾರು ಏಕೆ ರೂಢಿ ಅಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ, ಅಡ್ವಾನ್ಸ್, ಮನೆ ಬಿಡುವ ಮೊದಲು ಎಷ್ಟು ದಿನ ಮುಂಚೆ ಹೇಳಬೇಕು, ಬಣ್ಣದ ಖರ್ಚು ಯಾರದ್ದು, ಪಂಪ್ ಕೆಟ್ಟರೆ ಯಾರು ಮಾಡಿಸಬೇಕು, ಎಲ್ಲ ಅದರಲ್ಲಿ ಇರಲಿ. ಬೆಂಗಳೂರಿನವರನ್ನು ನೋಡಿ ಹತ್ತು ತಿಂಗಳ ಅಡ್ವಾನ್ಸ್ ಕೇಳಬೇಡಿ. ವರ್ಗವಾಗಿ ಬರುವವರಿಗೆ ಅದು ಹೊರೆ, ಹಿಂದಿರುಗಿಸುವಾಗ ನಿಮಗೂ ಹೊರೆ.

ಗುರುತಿಗೆ ಮಾಸ್ಕ್ ಮಾಡಿದ ಆಧಾರ್ ಕೇಳಿದರೆ ಸಾಕು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೊತೆಗೆ ಆಫೀಸಿನ ಐಡಿ ನೋಡಿ. ಬಾಡಿಗೆದಾರರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಬನ್ನಿ. ರಕ್ಷಣಾ ನೆಲೆ ಇರುವ ಕಾರವಾರದಲ್ಲಿ ಇದನ್ನು ಬಿಡಬಾರದು. ಬಾಡಿಗೆದಾರರಿಗೂ ಮೊದಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೀಲಿ ಕೊಡುವ ದಿನ ಇಬ್ಬರೂ ಸೇರಿ ಮನೆಯ ವಿಡಿಯೊ ಮಾಡಿ, ಮೀಟರ್ ರೀಡಿಂಗ್ ಬರೆದುಕೊಳ್ಳಿ. ಅದೇ ದಿನ ಫೇಸ್‌ಬುಕ್, ಓಎಲ್‌ಎಕ್ಸ್ ಜಾಹೀರಾತು ಅಳಿಸಿ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ "ಮನೆ ತುಂಬಿದೆ" ಎಂದು ಒಂದು ಸಾಲು ಹಾಕಿ. ಫೋಟೊ ಮತ್ತು ಬರಹವನ್ನು ಮಾತ್ರ ಫೋನಿನಲ್ಲಿ ಬೇರೆ ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ಕ್ವಾರ್ಟರ್ಸ್ ಸಿಕ್ಕಿತು ಎಂದು ಅವರು ಹೇಳಿದ ದಿನವೇ ಹೊಸ ತಾರೀಕು ಹಾಕಿ ಮತ್ತೆ ಕಳಿಸಬಹುದು.